ಅಕ್ಕೋರ ತೋಳ

ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಹೆಡ್ ಮಾಸ್ತರರು ಅಕ್ಕೋರನ್ನು ಮಿತಭಾಷಿ ಅಂದರು. ಪಕ್ಕದಲ್ಲಿದ್ದ ಪಿ.ಟಿ. ಮಾಸ್ತರ ಜೋರಾಗಿ ಕೆಮ್ಮಿದ. ಆಮೇಲೆ ಮಾತಿಗೆ ಎದ್ದವರೊಬ್ಬರು ಅಕ್ಕೋರು ಜೀವಮಾನದಲ್ಲಿ ಒಂದೂ ಸುಳ್ಳು ಆಡಿದವರಲ್ಲ ಅಂದಾಗ ನನಗೂ ನಗು ತಡೆಯಲಾಗದೆ ಹೊರಗೆ ಹೋಗಿ ನೀರು ಕುಡಿದು ಬಂದೆ. ಅಕ್ಕೋರು ಅಲ್ಲಿದ್ದಿದ್ದರೆ ಮೈಕು ಕಸಿದುಕೊಂಡು, ತಮ್ಮ ಬಗ್ಗೆ ಇದಕ್ಕಿಂತ ಚೆನ್ನಾದ ಸುಳ್ಳುಗಳನ್ನು ತಾವೇ ಹೇಳಿ, ಸಭೆಗೆ ತರಿಸಿದ್ದ ಬಿಸ್ಕೀಟಿನಲ್ಲಿ ಅರ್ಧ ಪುಡಿಕೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಹೀಗಾಗಿ ಅವರ ಬಗ್ಗೆ ನಾನಾದರೂ ಸರಿಯಾಗಿ ಬರೆಯಬೇಕು ಅನ್ನಿಸಿತು.

ನಮ್ಮ ಕಡೆ ಶಿಕ್ಷಕಿಯರನ್ನೆಲ್ಲ ಅಕ್ಕೋರು ಅನ್ನುತ್ತಾರೆ. ಕಾಗವಾಡದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅಂಥವರು ಮೂವರಿದ್ದರೂ ಬರೀ ಅಕ್ಕೋರು ಅಂದರೆ ವಿಜ್ಞಾನ ಕಲಿಸುವ ಇವರೊಬ್ಬರೇ. ಗಿಡ್ಡ ದೇಹ, ದೊಡ್ಡ ದನಿ. ಎಂಟನೇ ಕ್ಲಾಸಿನಲ್ಲಿ ನಿಂತು ಹತ್ತನೇ ಕ್ಲಾಸಿನವರನ್ನು ಸುಮ್ಮನಿರಿಸಬಲ್ಲವರು. ದ್ರಾಕ್ಷಿ ಕಾಲದಲ್ಲಿ ದಾರಿಬದಿಯ ಯಾವ ತೋಟಕ್ಕಾದರೂ ನುಗ್ಗಿ ಒಂದು ಗೊಂಚಲು ಕಿತ್ತು, ತೋಟದವನು ಓಡಿ ಬಂದರೆ "ನಿಮ್ಮ ಮಗಾ ವಿಜ್ಞಾನದಾಗ ಹೆಂಗದಾನ?" ಎಂದು ಅವನನ್ನೇ ಕೇಳುತ್ತಿದ್ದರು. ಅವನು ಗಾಬರಿಯಾಗಿ ಇನ್ನೊಂದು ಗೊಂಚಲು ಕೊಟ್ಟು ಕಳಿಸುತ್ತಿದ್ದ. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದರು. ನನ್ನ ಹೆಂಡತಿಗೆ ಹೇಳಿದ್ದು, ನೋಡಲು ಬಂದ ಗಂಡಿಗೆ ಗುರೆಳ್ಳು ಚಟ್ನಿ ಖಾರ ಆಗಿ ಕಣ್ಣಲ್ಲಿ ನೀರು ಬಂತು, ಅಂಥವನ ಜೋಡಿ ಸಂಸಾರ ಹೆಂಗ ಮಾಡೂದು ಅಂತ. ಹೆಡ್ ಮಾಸ್ತರರಿಗೆ ಹೇಳಿದ ಕಥೆಯಲ್ಲಿ ಅದೇ ಗಂಡು ಮಿಲಿಟ್ರಿಯಲ್ಲಿ ವೀರಮರಣ ಹೊಂದಿದ್ದ.

ನಾನು ಭೋಜದ ಕಡೆಯವನು, ಗಣಿತದ ಮಾಸ್ತರ. ನೀರಾವರಿ ಹೊಲ, ಹಚ್ಚಗಿನ ಕಬ್ಬು ನೋಡಿ ಬೆಳೆದವನಿಗೆ ಬರೀ ಹುಲ್ಲಿನ ಬಯಲು ಅಂದರೆ ಏನು ನೋಡಬೇಕೋ ತಿಳಿಯುವುದಿಲ್ಲ. ನಾನು ಆ ಶಾಲೆಗೆ ಸೇರಿದ ಮೊದಲ ವರ್ಷವೇ ಅಕ್ಕೋರು ನನ್ನನ್ನು ಹುಲ್ಲು ನೋಡಲು ಕರೆದುಕೊಂಡು ಹೋದರು. ಬೇರೆ ಶಾಲೆಯ ಮಕ್ಕಳು ಪ್ರವಾಸಕ್ಕೆ ಗೋಕಾಕ ಫಾಲ್ಸು, ಕೊಲ್ಹಾಪುರ ಅಂತ ಹೋಗುತ್ತಿದ್ದರೆ ನಮ್ಮ ಒಂಬತ್ತನೇ ಕ್ಲಾಸಿನವರು ಪ್ರತಿ ಚಳಿಗಾಲ ಎರಡು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಅಥಣಿ ದಾಟಿ, ಕಬ್ಬು ಮುಗಿದು, ದ್ರಾಕ್ಷಿ ಮುಗಿದು, ಕೊನೆಗೆ ರಸ್ತೆಯೂ ಮುಗಿದ ಜಾಗಕ್ಕೆ ಹೋಗಬೇಕಿತ್ತು. ಅದಕ್ಕೆ ಮಾಳ ಅನ್ನುತ್ತಿದ್ದರು. ಅಕ್ಕೋರು ಹುಟ್ಟಿದ ಊರು ಅದರ ಅಂಚಿಗೇ ಇತ್ತು.

ಮಾಳದ ಅರ್ಧಕ್ಕೆ ಅರಣ್ಯ ಇಲಾಖೆಯವರು ತಂತಿ ಬೇಲಿ ಹಾಕಿ ಪ್ರಾಣಿಗಳಿಗೆ ಮೀಸಲು ಅಂತ ಬೋರ್ಡು ನಿಲ್ಲಿಸಿದ್ದರು. ಬೋರ್ಡಿನ ಮೇಲೆ ಹುಲಿಯ ಚಿತ್ರ. ಆ ಮಾಳದಲ್ಲಿ ಹುಲಿ ಯಾವ ಕಾಲಕ್ಕೂ ಇರಲಿಲ್ಲ, ಬರೆದ ಪೇಂಟರನಿಗೆ ಹುಲಿ ಬರುತ್ತಿತ್ತು ಅಷ್ಟೇ. ಗೇಟಿಗೆ ಬೀಗ. ಬೀಗದ ಕೈ ವಾಚರನ ಬಳಿ, ವಾಚರ ಹೆಂಡತಿಯ ತವರಿನಲ್ಲಿ. ನಾವು ವರ್ಷ ವರ್ಷವೂ ಬೇಲಿಯ ಒಂದೇ ಕಿಂಡಿಯಲ್ಲಿ ನುಸುಳಿ ಒಳಗೆ ಹೋಗುತ್ತಿದ್ದೆವು. ಹೆಡ್ ಮಾಸ್ತರರು ಅಲ್ಲೊಮ್ಮೆ ಸಿಕ್ಕಿಹಾಕಿಕೊಂಡು, ಪಿ.ಟಿ. ಮಾಸ್ತರ ಹಿಂದಿನಿಂದ ನೂಕಬೇಕಾಯಿತು.

ಒಳಗೆ ಮೊಣಕಾಲೆತ್ತರದ ಒಣ ಹುಲ್ಲು, ನಡುನಡುವೆ ಬಾರಿಹಣ್ಣಿನ ಮುಳ್ಳುಗಿಡ, ಇಲಾಖೆಯವರು ಕಾಡು ಮಾಡುತ್ತೇವೆಂದು ನೆಟ್ಟು ಒಣಗಿಸಿದ ನೀಲಗಿರಿಯ ಕಡ್ಡಿಗಳು. ಇನ್ನೂ ಒಳಗೆ ಹೋದರೆ ಹಳೆಯ ಕುರಿಹಟ್ಟಿಯ ಕಲ್ಲುಗಳು ದುಂಡಗೆ ಬಿದ್ದಿದ್ದವು, ಕುರಿ ನೀರು ಕುಡಿಯುತ್ತಿದ್ದ ಒಂದು ಕಲ್ಲಿನ ದೋಣಿಯೂ ಇತ್ತು. ಅಕ್ಕೋರ ತಂದೆ, ಅಜ್ಜ ಎಲ್ಲ ಅಲ್ಲೇ ಕುರಿ ಕಾದವರು. ಬೇಲಿ ಬಂದ ಮೇಲೆ ಕುರಿಗಳು ಹೊರಗಿನ ಅರ್ಧಕ್ಕೆ ಸರಿದಿದ್ದವು. ಅಕ್ಕೋರ ಅಣ್ಣ ಅಲ್ಲಿ ಕುರಿ ಮೇಯಿಸುತ್ತಿದ್ದ, ತಂಗಿ ಮಕ್ಕಳನ್ನು ಮೇಯಿಸುತ್ತಿದ್ದರು.

ಈ ಹಟ್ಟಿಯ ಕಲ್ಲಿನ ಮೇಲೆ ಕೂತು, ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ ಮುರಿಯುತ್ತ ಅಕ್ಕೋರು ತೋಳ ತೋರಿಸುತ್ತಿದ್ದರು. ದೂರದಲ್ಲಿ ಅಲ್ಲಾಡಿದ್ದೆಲ್ಲ ತೋಳವೇ. ಒಮ್ಮೆ ಕತ್ತೆ ತೋಳವಾಗಿತ್ತು. ಇನ್ನೊಮ್ಮೆ ಅವರು ತೋರಿಸಿದ್ದು ನಮ್ಮ ಕಡೆಗೇ ಬರತೊಡಗಿತು.

"ಅಕ್ಕೋರ, ಅದು ಬೊಗಳಾಕತ್ತೈತಲ್ರಿ," ಅಂದರು ಹೆಡ್ ಮಾಸ್ತರರು.

"ನಾಯಿಗೋಳ ಜೋಡಿ ಇದ್ದು ಕಲ್ತೈತ್ರಿ ಸರ್. ಸಹವಾಸ ದೋಷ."

ಆ ತೋಳ ಬಂದು ಹೆಡ್ ಮಾಸ್ತರರ ಬುತ್ತಿಯಿಂದ ರೊಟ್ಟಿ ತಿಂದು ಬಾಲ ಅಲ್ಲಾಡಿಸಿ ಹೋಯಿತು. ಶಾಲೆಯ ಪ್ರಯೋಗಾಲಯದಲ್ಲಿ ತೋಳದ ಹೆಜ್ಜೆ ಅಂತ ಒಂದು ಪ್ಲಾಸ್ಟರಿನ ಅಚ್ಚು ಇಟ್ಟಿದ್ದರು. ಅದು ತನ್ನ ಮನೆಯ ನಾಯಿಯದು, ಒಂದು ಉಗುರು ಇಲ್ಲದ್ದರಿಂದ ಗುರುತು ಹಿಡಿದೆ ಅಂತ ಪಿ.ಟಿ. ಮಾಸ್ತರ ಆಣೆ ಮಾಡಿ ಹೇಳುತ್ತಿದ್ದ. ಇಷ್ಟು ವರ್ಷದ ಪ್ರವಾಸದಲ್ಲಿ ನಾವು ಚಿಗರಿ ನೋಡಿದ್ದೇವೆ, ಮೊಲ ನೋಡಿದ್ದೇವೆ, ಒಮ್ಮೆ ಪ್ರೀತಿಸಿ ಓಡಿಬಂದಿದ್ದ ಜೋಡಿಯನ್ನೂ ನೋಡಿದ್ದೇವೆ. ತೋಳ ಮಾತ್ರ ಇಲ್ಲ. ಅಕ್ಕೋರೂ ಬುದ್ಧಿ ಬಂದ ಮೇಲೆ ನೋಡಿಲ್ಲ ಅನ್ನುವುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಸಣ್ಣ ಹುಡುಗಿಯಾಗಿದ್ದಾಗ ಒಂದೇ ಒಂದು ಸಲ, ಅದೂ ಹಿಂದಿನಿಂದ, ಹೋಗುವುದನ್ನು ಕಂಡಿದ್ದರಂತೆ. ಇನ್ನೊಮ್ಮೆ ಕಾಣಬೇಕು ಅನ್ನುವುದೊಂದೇ ಅವರು ಯಾರ ಮುಂದೆಯೂ ಬಣ್ಣ ಕಟ್ಟದೆ ಹೇಳಿದ ಆಸೆ.

ಅವರ ಮನೆತನದ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಮಾಳದಲ್ಲಿ ನಿಂತು ಅವರು ತೋಳದ ಹೆಸರು ಹಿಡಿಯುತ್ತಿರಲಿಲ್ಲ. ಪಾವಣ್ಯಾ ಅನ್ನುತ್ತಿದ್ದರು, ಅಂದರೆ ಮನೆಗೆ ಬಂದ ನೆಂಟ. ಅದು ಬಂದರೆ ಕೂಗಾಡಿ, ನಾಯಿ ಬಿಟ್ಟು ಓಡಿಸುತ್ತಿದ್ದರು, ಅದೇನೂ ಕಡಿಮೆ ಇಲ್ಲ. ಆದರೆ ಅಷ್ಟರ ಮೇಲೂ ಒಂದು ಮರಿ ಕಚ್ಚಿಕೊಂಡು ಹೋಯಿತೋ, ಮುಗಿಯಿತು. ಬೆನ್ನು ಹತ್ತುವಂತಿಲ್ಲ, ಬೈಯುವಂತಿಲ್ಲ. ಮನೆಯ ಹಿರಿಯ ಅದು ಹೋದ ದಿಕ್ಕಿಗೆ ಒಂದು ಚಿಟಿಕೆ ಭಂಡಾರದ ಅರಿಶಿನ ತೂರಿ, "ನಿನ್ನ ಪಾಲ ನಿನಗ ಮುಟ್ಟಿತು, ಮುಂದಿನ ಹಟ್ಟಿಗಿ ಹೋಗಪಾ" ಅನ್ನುತ್ತಿದ್ದ. ಆಮೇಲೆ ಆ ಮರಿಯ ಸುದ್ದಿ ಎತ್ತುವಂತಿಲ್ಲ. ನೆಂಟ ಉಂಡದ್ದನ್ನು ಊರೆಲ್ಲ ಹೇಳಿಕೊಂಡು ತಿರುಗುವುದು ಮಾನ ಇದ್ದವರ ಕೆಲಸವಲ್ಲ ಅಂತ ಅವರ ಲೆಕ್ಕ. ಇದೆಲ್ಲ ಅಕ್ಕೋರ ಬಾಯಿಂದ ಕೇಳಿದಾಗ ಹೊಸ ಬುರುಡೆ ಅಂದುಕೊಂಡಿದ್ದೆ. ಅವರ ಅಣ್ಣನನ್ನು ನೋಡಿದ ಮೇಲೆ ನಂಬಿದೆ. ಆ ಮನುಷ್ಯ ಬಿಳಿ ರುಮಾಲಿನ ಕೆಳಗೆ ಒಂದು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮನೆಯ ಮಾತೆಲ್ಲ ತಂಗಿಯ ಪಾಲಿಗೇ ಬಂದಿತ್ತು.

ಅಕ್ಕೋರು ನಿವೃತ್ತರಾಗುವ ಹೊತ್ತಿಗೆ ಮಾಳದ ಹೊರಗಿನ ಅರ್ಧದ ಮೇಲೆ ಒಂದು ಸೋಲಾರ್ ಕಂಪನಿಯವರ ಕಣ್ಣು ಬಿತ್ತು. ಬಯಲು, ಬಿಸಿಲು, ಮರವಿಲ್ಲ, ಮನೆಯಿಲ್ಲ. ಅವರಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಉಳಿಸಬೇಕಾದಂಥ ಪ್ರಾಣಿ ಅಲ್ಲಿ ಏನಾದರೂ ಇದೆಯೋ ನೋಡಲು ಮೇಲಿನಿಂದ ಅರಣ್ಯ ಇಲಾಖೆಯ ಒಬ್ಬ ಸಾಹೇಬರು ಬರುವರೆಂದು ತಿಳಿದದ್ದೇ ಅಕ್ಕೋರು ಪ್ಲಾಸ್ಟರಿನ ಅಚ್ಚು ಸೆರಗಲ್ಲಿ ಸುತ್ತಿಕೊಂಡು, ನನ್ನ ಬೈಕು ಹತ್ತಿ, ಚಿಕ್ಕೋಡಿಯಲ್ಲಿ ಸಾಹೇಬರ ಬಿಡಾರಕ್ಕೆ ಹೊರಟರು. ದಾರಿಯುದ್ದಕ್ಕೂ ನನಗೆ ಹೇಗೆ ಬೈಕು ಹೊಡೆಯಬೇಕೆಂದು ಕಲಿಸಿದರು.

ಸಾಹೇಬರು ಸಣ್ಣ ವಯಸ್ಸಿನವರು, ಒಳ್ಳೆಯವರು. ಅಚ್ಚು ತಿರುಗಿಸಿ ನೋಡಿ, ನಗು ತಡೆದುಕೊಂಡು, ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟರು.

"ಮೇಡಂ, ತೋಳ ಇದ್ದ ಊರಿಂದ ನಮಗ ದಿನಾ ತಕರಾರು ಬರ್ತಾವ. ಕುರಿ ಹಿಡಿತು, ಮರಿ ಒಯ್ತು, ಪರಿಹಾರ ಕೊಡ್ರಿ ಅಂತಾರ. ನಿಮ್ಮ ಊರಿಂದ ಇಲ್ಲೀತನಕ ಒಬ್ಬರೂ ಬಂದಿಲ್ಲ. ತೋಳ ಇದ್ರ ಕುರಿಗಾರರು ಸುಮ್ಮ ಕುಂದ್ರತಾರೇನ್ರಿ?"

ಅಕ್ಕೋರು ಅಚ್ಚನ್ನು ಎತ್ತಿ ಮತ್ತೆ ಸೆರಗಲ್ಲಿ ಸುತ್ತಿಕೊಂಡರು. ನಾನು ಅವರ ಜೊತೆ ಕೆಲಸ ಮಾಡಿದ ಅಷ್ಟೂ ವರ್ಷಗಳಲ್ಲಿ ಅವರು ಹಾಗೆ ಸೋತದ್ದು ನೋಡಿರಲಿಲ್ಲ. ತಲೆತಲಾಂತರದಿಂದ ತೋಳದ ಮೇಲೆ ಒಂದೂ ದೂರು ಹೇಳದೆ ಬದುಕಿದ್ದಕ್ಕೆ, ಈಗ ತೋಳವೇ ಇಲ್ಲ ಅಂತ ಆಗಿ ಕೂತಿತ್ತು.

"ಯಾರರ ಒಬ್ಬರು ಕುರಿಗಾರರು ನನ್ನ ಮುಂದ ನಿಂತು ಹೌದು ತೋಳ ನಮ್ಮ ಕುರಿ ಹಿಡದೈತಿ ಅಂದ್ರ ಸಾಕು," ಅಂದರು ಸಾಹೇಬರು. "ಉಳದದ್ದು ನಾ ನೋಡಕೋತೇನಿ. ಸೋಮವಾರ ಮಾಳಕ್ಕ ಬರ್ತೇನಿ."

ಅಲ್ಲಿಂದ ಸೀದಾ ಅಣ್ಣನ ಹಟ್ಟಿಗೆ ಹೋದೆವು. ಅಕ್ಕೋರು ಕೂಗಿದರು, ಪುಸಲಾಯಿಸಿದರು, ಸತ್ತ ತಂದೆಯ ಹೆಸರು ತೆಗೆದು ಅತ್ತರು. ಅದರಲ್ಲಿ ಎಷ್ಟು ನಾಟಕ ಎಷ್ಟು ಖರೆ ಅಂತ ವಿಂಗಡಿಸುವುದು ಗಣಿತದವನಿಗೂ ಕಷ್ಟವಿತ್ತು. ಅಣ್ಣ ಒಂದು ಕುರಿಯ ಕಾಲಿನಿಂದ ಮುಳ್ಳು ತೆಗೆಯುತ್ತ ಕೂತಿದ್ದ.

"ಪಾವಣ್ಯಾನ ಮ್ಯಾಲ ಕಂಪ್ಲೇಂಟ್ ಕೊಡು ಅಂತೀಯಲ್ಲ ತಂಗೆವ್ವಾ," ಅಂದ ಕೊನೆಗೆ. "ಅಪ್ಪ ಇದ್ದಿದ್ರ ನಿನ್ನ ಬಾಯಾಗ ಈ ಮಾತು ಬರತಿತ್ತೇನ?"

"ನೀ ಹೇಳಲಿಲ್ಲ ಅಂದ್ರ ಮಾಳಾನೂ ಹೋಗತೈತಿ, ಅವನೂ ಹೋಗತಾನ. ನಿನ್ನ ಮಾನ ಇಟಗೊಂಡು ಎಲ್ಲಿ ಕುರಿ ಕಾಯ್ತಿ? ನನ್ನ ಮನಿ ಮಾಳಗಿ ಮ್ಯಾಲ?"

ಅಕ್ಕೋರು ಅಂದು ಅಣ್ಣನ ಮನೆಯಲ್ಲಿ ಊಟ ಒಲ್ಲೆ ಅಂದರು. ಹುಟ್ಟಿದಾಗಿನಿಂದ ಅವರು ಊಟ ಒಲ್ಲೆ ಅಂದದ್ದು ಅದೇ ಮೊದಲು ಇರಬೇಕು, ಯಾಕೆಂದರೆ ಅತ್ತಿಗೆ ಹೆದರಿ ಓಡಿಬಂದರು. ಆಗ ಅಣ್ಣ ಕುರಿಯ ಕಾಲು ಬಿಟ್ಟು, "ಆತು, ಹೇಳ್ತೇನಿ, ಉಣ್ಣು" ಅಂದ.

ಸೋಮವಾರ ಸಾಹೇಬರು ಜೀಪಿನಲ್ಲಿ ಬಂದರು. ಕಂಪನಿಯ ಕಡೆಯವರೂ ಬಂದಿದ್ದರು, ಕೂಲಿಂಗ್ ಗ್ಲಾಸು ಹಾಕಿಕೊಂಡು. ಊರವರು ಸುತ್ತ ನಿಂತಿದ್ದರು. ಅಕ್ಕೋರು ಹೊಸ ಇಳಕಲ್ ಸೀರೆ ಉಟ್ಟಿದ್ದರು, ಚಿಗರಿ, ಮೊಲ, ಗೌಜಲ ಹಕ್ಕಿ ಎಂದು ಅರ್ಧ ತಾಸು ಭಾಷಣ ಮಾಡಿದರು. ಸಾಹೇಬರು ಎಲ್ಲ ಕೇಳಿ, ಅಣ್ಣನ ಕಡೆ ತಿರುಗಿ, "ಕಾಕಾ, ನೀವು ಹೇಳ್ರಿ. ತೋಳ ನಿಮ್ಮ ಕುರಿ ಹಿಡದೈತೇನು?" ಅಂದರು.

ಅಣ್ಣ ಮುಂದೆ ಬಂದ. ತಲೆಯ ಮೇಲಿನ ರುಮಾಲನ್ನು ಎರಡೂ ಕೈಯಿಂದ ತೆಗೆದು ನೆಲದ ಮೇಲೆ ಇಟ್ಟ. ಹೆಣದ ಮುಂದೆ ಬಿಟ್ಟರೆ ನಮ್ಮ ಕಡೆ ಹಿರಿಯರು ಹಾಗೆ ಬರಿದಲೆಯಲ್ಲಿ ನಿಲ್ಲುವುದಿಲ್ಲ. ನೆಲ ನೋಡುತ್ತ ನಿಂತ. ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಊರವರೆಲ್ಲ ತಲೆ ತಗ್ಗಿಸಿದರು. ಅಕ್ಕೋರು ಮಾತ್ರ ಅಣ್ಣನ ಬಿಳಿಗೂದಲ ತಲೆಯನ್ನೇ ನೋಡುತ್ತಿದ್ದರು. ಒಂದೇ ಒಂದು ಮಾತು. ಅವನು ಹೌದು ಅಂದಿದ್ದರೆ ಮಾಳ ಉಳಿಯುತ್ತಿತ್ತು. ಅಕ್ಕೋರು ನಡೆದು ಬಂದರು, ರುಮಾಲು ಎತ್ತಿ ಧೂಳು ಝಾಡಿಸಿ, ಅಣ್ಣನ ತಲೆಗೆ ಇಟ್ಟರು. ಅವನಿಗಿಂತ ಗಿಡ್ಡ ಇದ್ದದ್ದರಿಂದ ತುದಿಗಾಲ ಮೇಲೆ ನಿಲ್ಲಬೇಕಾಯಿತು.

"ಸಾಹೇಬ್ರ, ನಮ್ಮಣ್ಣಂದು ಏನೂ ತಕರಾರಿಲ್ರಿ. ನಮ್ಮ ಕುರಿ ಯಾರೂ ಹಿಡದಿಲ್ಲ."

"ಮೇಡಂ, ಹಂಗಾದ್ರ ತೋಳ ಇಲ್ಲ ಅಂತ ಬರೀಬೇಕಾಗತೈತ್ರಿ."

"ನಾವ ಕೊಟ್ಟದ್ದಕ್ಕ ಹಿಡದಾನ ಅಂತ ಹೆಂಗ ಅನ್ನೂದ್ರಿ? ಬರಕೋರಿ."

ಸಾಹೇಬರು ಅಣ್ಣ ತಂಗಿ ಇಬ್ಬರ ಮುಖ ನೋಡಿ, ಬರೆದುಕೊಂಡು ಜೀಪು ಹತ್ತಿದರು. ನನಗೆ ಆ ಹೊತ್ತಿಗೆ ಅಕ್ಕೋರ ಮೇಲೆ ವಿಪರೀತ ಸಿಟ್ಟು ಬಂತು, ಅಷ್ಟೇ ವಿಪರೀತ ಗೌರವವೂ ಬಂತು. ವಾಪಸು ಬರುವಾಗ ಅಥಣಿಯಲ್ಲಿ ಚಹಾಕ್ಕೆ ನಿಂತಾಗ ಅಕ್ಕೋರು ಅಂದರು, "ನೋಡ್ರಿ ಸರ್, ಇಷ್ಟು ವರ್ಷ ಆರಾಮ ಸುಳ್ಳು ಹೇಳಕೋತ ಇದ್ನಿ. ಒಂದ ದಿನ ಖರೇ ಹೇಳಿದ್ನಿ, ಅರ್ಧ ಮಾಳ ಹೋತು." ಆಮೇಲೆ ನನ್ನ ಪಾಲಿನ ಭಜಿಯನ್ನೂ ತಿಂದರು.

ಕಂಪನಿ ಬಂತು. ಮೇವಿನ ಜಾಗದಲ್ಲಿ ಕನ್ನಡಿಯಂಥ ಪ್ಲೇಟುಗಳು ಸಾಲಾಗಿ ನಿಂತವು. ಅಕ್ಕೋರ ಅಣ್ಣ ಅರ್ಧ ಕುರಿ ಮಾರಿದ. ಮಳೆಗಾಲ ಬಂದಾಗ ಪ್ಲೇಟಿನ ನೆರಳಿಗೆ ಹುಲ್ಲು ಸೊಗಸಾಗಿ ಎದ್ದು ಪ್ಲೇಟಿನ ಮೇಲೇ ಬಂತು. ಕಂಪನಿಯವರು ಯಂತ್ರ ತಂದು ಹುಲ್ಲು ಕೊಯ್ಯಿಸಿದರು, ಕಲ್ಲು ಸಿಡಿದು ಪ್ಲೇಟು ಒಡೆದವು. ಔಷಧ ಹೊಡೆಸಿದರು, ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಯಿತು. ಕೊನೆಗೆ ಕೂಲಿಂಗ್ ಗ್ಲಾಸಿನವರೇ ಅಣ್ಣನ ಹಟ್ಟಿಗೆ ಬಂದು, "ಕಾಕಾ, ನಿಮ್ಮ ಕುರಿ ಸ್ವಲ್ಪ ಒಳಗ ಬಿಡ್ತೀರೇನ್ರಿ?" ಅಂದರಂತೆ. ಇಲಾಖೆಯವರು ಪ್ರಾಣಿಗಳಿಗಾಗಿ ಹೊರಗೆ ಹಾಕಿದ್ದ ಕುರಿಗಳನ್ನು ಕರೆಂಟಿನವರು ಕೈಮುಗಿದು ಒಳಗೆ ಕರೆದುಕೊಂಡರು. ಅಕ್ಕೋರು ಈ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳುತ್ತ ಎಷ್ಟು ನಕ್ಕರೆಂದರೆ ಕೆಮ್ಮು ಹತ್ತಿ ಫೋನು ಇಡಬೇಕಾಯಿತು.

ಆ ಕೆಮ್ಮು ನಿಲ್ಲಲಿಲ್ಲ. ನಿವೃತ್ತಿಯಾದ ಮೇಲೆ ಅವರು ಅಣ್ಣನ ಮನೆಯಲ್ಲೇ ಇದ್ದರು. ಮಿರಜದ ದವಾಖಾನೆಗೆ ಓಡಾಡಿ, ಡಾಕ್ಟರಿಗೆ ಔಷಧ ಹೇಗೆ ಕೊಡಬೇಕೆಂದು ಕಲಿಸಿ, ಬೇಸತ್ತು ಊರಿಗೆ ಮರಳಿದ್ದರು. ನಾನು ಹೋದಾಗ ಅಂಗಳದಲ್ಲಿ ಹೊರಸಿನ ಮೇಲೆ ಒರಗಿದ್ದರು. ಮೈ ಇಳಿದು ಹೋಗಿತ್ತು, ದನಿ ಅರ್ಧ ಆಗಿತ್ತು. ಅರ್ಧವಾದ ದನಿಯೂ ನಮ್ಮ ನಿಮ್ಮ ದನಿಗಿಂತ ದೊಡ್ಡದು. ಅಣ್ಣ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ.

ಅಷ್ಟರಲ್ಲಿ ಕಂಪನಿಯ ಗಾರ್ಡ್ ಬಂದ, ರಾಯಬಾಗದ ಕಡೆಯ ಗಟ್ಟಿಮುಟ್ಟಾದ ಆಳು. ಕೈಯಲ್ಲಿ ಮೊಬೈಲು.

"ಅಕ್ಕೋರ, ಒಂದೀಟು ಇದನ್ನ ನೋಡಿ ಹೇಳ್ರಿ. ಮುಂಜೇಲಿ ಪ್ಲೇಟಿನ ನಡಕ ಅಡ್ಡಾಡತಿತ್ತು. ವಿಡಿಯೋ ಮಾಡೇನಿ. ತೋಳ ಇದ್ರ ಆಳುಗೋಳು ಅಂಜತಾರ, ಬೋನು ಇಡಿಸಿ ಹಿಡಸೂಣು ಅಂದಾರ ನಮ್ಮ ಸಾಹೇಬ್ರು. ನಾಯಿ ಇದ್ರ ಇರ್ಲಿ ಬಿಡು ಅಂದಾರ. ಇಡೀ ಊರಾಗ ತೋಳದ ವಿಚಾರ ಗೊತ್ತಿದ್ದಾವ್ರು ನೀವ ಅಂತಲ್ರಿ."

ಅಕ್ಕೋರು ಕನ್ನಡಕ ಹಾಕಿಕೊಂಡು ನೋಡಿದರು. ನಾನೂ ಬಗ್ಗಿ ನೋಡಿದೆ. ಪ್ಲೇಟುಗಳ ಎರಡು ಸಾಲಿನ ನಡುವೆ, ನಸುಕಿನ ಬೆಳಕಿನಲ್ಲಿ, ಉದ್ದ ಕಾಲಿನ ಒಂದು ಪ್ರಾಣಿ ನಡೆದು ಬರುತ್ತಿತ್ತು. ತಲೆ ತಗ್ಗಿಸಿತ್ತು, ಬಾಲ ಇಳಿಬಿದ್ದಿತ್ತು. ಒಂದು ಸಲ ನಿಂತು ಮೊಬೈಲಿನ ಕಡೆ ನೋಡಿತು. ಹೆದರಲಿಲ್ಲ, ಬಾಲ ಅಲ್ಲಾಡಿಸಲಿಲ್ಲ, ಅದೇ ಹೆಜ್ಜೆಯಲ್ಲಿ ಹುಲ್ಲಿನೊಳಗೆ ಹೋಯಿತು. ನಾನು ಹುಲ್ಲಿನ ವಿಷಯದಲ್ಲಿ ದಡ್ಡನಿರಬಹುದು, ಆದರೆ ಇಷ್ಟು ವರ್ಷ ಅಕ್ಕೋರ ಜೊತೆ ತಿರುಗಿ ನಾಯಿ ಯಾವುದು ಅಂತ ಚೆನ್ನಾಗಿ ಕಲಿತಿದ್ದೆ. ಇದು ಅಲ್ಲ.

ಅಕ್ಕೋರು ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ ಹಾಕಿಸಿದರು. ಆಮೇಲೆ ಕನ್ನಡಕ ತೆಗೆದು, ಮೊಬೈಲು ಅವನ ಕೈಗೆ ಕೊಟ್ಟರು.

"ನಾಯಿ ಐತಿ."

"ಖರೇನ್ರಿ ಅಕ್ಕೋರ? ಬಾಲ ನೋಡ್ರಿ, ಒಂಥರಾ ಐತಲ್ರಿ."

"ಎಷ್ಟನೇತ್ತ ಓದೀಯೋ ತಮ್ಮಾ?"

"ಎಂಟನೇತ್ತರಿ."

"ಹಂಗಾದ್ರ ಸುಮ್ಮ ನಿಂದ್ರು. ಜೀವಮಾನೆಲ್ಲಾ ಸಾಲ್ಯಾಗ ಇದನ್ನ ಕಲಿಸೇನಿ, ನನಗ ಬಾಲ ತೋರಸ್ತೀಯೇನ? ನಾಯಿ ಐತಿ, ಅದೂ ಹಸದ ನಾಯಿ. ಹೋಗಿ ನಿನ್ನ ಸಾಹೇಬಗ ಹೇಳು, ಅಕ್ಕೋರು ನೋಡಿ ಹೇಳ್ಯಾರ ಅಂತ. ಆ ವಿಡಿಯೋ ಅಳಿಸು, ಸುಳ್ಳೇ ಮಂದಿನ್ನ ಅಂಜಸಬ್ಯಾಡ."

ಅವನು ಅಲ್ಲೇ ನಿಂತು ಅಳಿಸಿದ. ನಮಸ್ಕಾರ ಮಾಡಿ ಹೋದ. ಅವನ ಗಾಡಿಯ ಸದ್ದು ಊರ ತಿರುವಿನಲ್ಲಿ ಕರಗುವವರೆಗೂ ಅಕ್ಕೋರು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದರು. ಆಮೇಲೆ ಅತ್ತರು. ಅವರ ಹುಸಿ ಅಳು ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ದನಿ ಇರುತ್ತಿತ್ತು. ಇದಕ್ಕೆ ದನಿಯೇ ಇರಲಿಲ್ಲ. ನಾನು ಎದ್ದು ಆ ಕಡೆ ಮುಖ ಮಾಡಿ ನಿಂತೆ.

ಉಣ್ಣೆ ಹಿಂಜುತ್ತಿದ್ದ ಅಣ್ಣ ಕೈ ನಿಲ್ಲಿಸಿ ತಂಗಿಯ ಕಡೆ ನೋಡಿದ. ಅವನು ಮೊಬೈಲು ನೋಡಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

"ಹೆಂಗದಾನವಾ?" ಅಂದ.

"ಸೊರಗ್ಯಾನ," ಅಂದರು ಅಕ್ಕೋರು. ಕಣ್ಣು ಒರೆಸಿಕೊಂಡು, ಮತ್ತೆ ಅಂದರು, "ಆದ್ರ ಎಷ್ಟ ಚಂದ ಅದಾನ ಅಣ್ಣಾ."